ಸುಣ್ಣದ ಹದ, ಗಾಳಿಯ ದಾರಿ

ಓದುಗರ ಪತ್ರಗಳಿಗೆ ಹಾಸನದ ರಿಪೇರಿ ಮೇಜಿನಿಂದ ಉತ್ತರ

ಸರ್ವರ್‌ಗಳ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಪ್ರಿಂಟರ್ ಕಾಗದ ನುಂಗುತ್ತದೆ ಎಂಬ ದೂರಿಗೆ ಬರುವಷ್ಟು ಪತ್ರಗಳು ಬರಲಿಲ್ಲ, ಬಂದವು ಮಾತ್ರ ಗಟ್ಟಿ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಯಿತು. ಕೈ ನಡುಗುತ್ತಿದೆ ಎಂದು ಬರೆದವನಿಗೆ ಎರಡು ಸಾಲಿನಲ್ಲಿ ಹೇಳಿ ಮುಗಿಸಿದರೆ ನಡುಕ ಹೆಚ್ಚುತ್ತದೆ.

ಪ್ರಶ್ನೆ: ಅಕ್ಕಾ, ನಾನು ಹಾಸನದ ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸಹಾಯಕ. ನಮ್ಮ ಸರ್ವರ್‌ನಲ್ಲಿ ಎರಡು ಪ್ರೊಸೆಸರ್‌ಗಳಿಗೆ ಜಾಗವಿದೆ, ಇರುವುದು ಒಂದೇ: ಜಿಯಾನ್ ಇ5-2620 ವಿ4. ಅಂಥದ್ದೇ ಇನ್ನೊಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದೇವೆ. ಮಾಮೂಲಿ ಕಂಪ್ಯೂಟರ್ ಬಿಚ್ಚಿ ಜೋಡಿಸಿ ಅಭ್ಯಾಸವಿದೆ, ಸರ್ವರ್ ಮುಟ್ಟಿಲ್ಲ. ಪ್ರಾಂಶುಪಾಲರು ಭಾನುವಾರ ಮುಗಿಸು ಎಂದಿದ್ದಾರೆ. ಮುಚ್ಚಳ ತೆಗೆಯುವುದಕ್ಕೇ ಕೈ ನಡುಗುತ್ತಿದೆ. ಎಲ್ಲಿಂದ ಶುರು ಮಾಡಲಿ?

— ಓದುಗ, ಹಾಸನ

ಉತ್ತರ: ಅಕ್ಕಾ ಎಂದು ನೀನೇ ಕರೆದಿರುವುದರಿಂದ ಏಕವಚನಕ್ಕೆ ಬೇಸರಿಸಬೇಡ, ತಮ್ಮಾ. ಮೊದಲ ಮಾತು: ಭಾನುವಾರ ಬೇಡ. ಕೆಲಸದ ನಡುವೆ ಏನಾದರೂ ಸಾಲದೆ ಬಂದರೆ ಅಂದು ಅಂಗಡಿಗಳು ಮುಚ್ಚಿರುತ್ತವೆ. ಸಾಲದೆ ಬಂದೇ ಬರುತ್ತದೆ. ಪ್ರೊಸೆಸರ್ ತರಿಸಿದ್ದೇವೆ ಎಂದು ಬರೆದಿದ್ದೀಯೆ, ಅದರ ಮೇಲೆ ಕೂತು ಬಿಸಿಯನ್ನು ಹೊರಹಾಕುವ ಲೋಹದ ಹೀಟ್ ಸಿಂಕ್ ವಿಷಯ ಪತ್ರದಲ್ಲಿ ಎಲ್ಲೂ ಇಲ್ಲ.

ಅದು ಬೇರೆಯಾಗಿಯೇ ಬರುತ್ತದೆ. ಕಣ್ಣಿಗೆ ಕಂಡದ್ದನ್ನು ತಂದರೆ ಕೂರುವುದೂ ಇಲ್ಲ. ನಿನ್ನ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ, ಅಂದರೆ ಸಾಕೆಟ್‌ಗೆ, ಸ್ಕ್ರೂ ರಂಧ್ರಗಳು ಎರಡು ಬಗೆಯಲ್ಲಿ ಇರುತ್ತವೆ: 80 ಮಿಲಿಮೀಟರ್ ಅಂತರದ ಚೌಕ, ಇಲ್ಲವೇ 56ಕ್ಕೆ 94ರ ಉದ್ದನೆಯದು. ಈಗಿರುವ ಹೀಟ್ ಸಿಂಕ್‌ನ ಸ್ಕ್ರೂಗಳ ನಡುವೆ ಸ್ಕೇಲ್ ಹಿಡಿದು ಅಳೆ, ಆಮೇಲೆ ಹುಡುಕು. ಎತ್ತರವೂ ಅಷ್ಟೇ ಮುಖ್ಯ. ತೆಳ್ಳನೆಯ ಪೆಟ್ಟಿಗೆಗೆ ದಪ್ಪ ಹೀಟ್ ಸಿಂಕ್ ತಂದು ಮೇಲಿನ ಮುಚ್ಚಳ ಮುಚ್ಚಲಾಗದೆ ಕುಳಿತವರನ್ನು ನೋಡಿದ್ದೇನೆ. ಒಂದೇ ಪ್ರೊಸೆಸರ್‌ನೊಂದಿಗೆ ಬಂದ ಕೆಲವು ಯಂತ್ರಗಳಲ್ಲಿ ಫ್ಯಾನ್‌ಗಳೂ ಎರಡು ಕಡಿಮೆ ಇರುತ್ತವೆ, ಆ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿ ತುರುಕಿರುತ್ತಾರೆ. ಅದನ್ನೂ ನೋಡಿಕೊ. ಇನ್ನು ಮೆಮೊರಿ. ಈ ಪ್ರೊಸೆಸರ್ ಒಂದೊಂದಕ್ಕೂ ಅದರದೇ ಆದ ನಾಲ್ಕು ಮೆಮೊರಿ ಚಾನೆಲ್‌ಗಳಿವೆ, ಅಂದರೆ ಮೆಮೊರಿಗೆ ಹೋಗಿಬರುವ ದಾರಿಗಳು. ಇರುವ ಮೆಮೊರಿಯನ್ನೆಲ್ಲ ಮೊದಲನೆಯದರ ಪಕ್ಕದಲ್ಲೇ ಬಿಟ್ಟರೆ ಎರಡನೆಯದು ಪ್ರತಿಯೊಂದಕ್ಕೂ ಪಕ್ಕದ ಮನೆಯ ಕದ ತಟ್ಟಬೇಕಾಗುತ್ತದೆ. ಸಮನಾಗಿ ಹಂಚು.

ಬಂದಿರುವ ಪ್ರೊಸೆಸರ್‌ನ ನೆತ್ತಿಯನ್ನು ಓದು. ಹೆಸರಿನ ಜೊತೆಗೆ ಎಸ್‌ಆರ್ ಎಂದು ಆರಂಭವಾಗುವ ಐದಕ್ಷರದ ಸಂಕೇತ ಕೊರೆದಿರುತ್ತದೆ. ಹಳೆಯದರಲ್ಲಿರುವುದು ಯಾವುದೋ ಹೊಸದರಲ್ಲೂ ಅದೇ ಇರಬೇಕು. ಎಸ್‌ಆರ್ ಇಲ್ಲದೆ ಕಾನ್ಫಿಡೆನ್ಶಿಯಲ್ ಎಂದು ಬರೆದಿದ್ದರೆ ಅದು ಪರೀಕ್ಷೆಗೆಂದು ತಯಾರಾದ ಮಾದರಿ, ಮಾರಾಟಕ್ಕಲ್ಲ. ಮರುದಿನವೇ ವಾಪಸು ಕಳುಹಿಸು. ಒಂದು ಸಮಾಧಾನವಿದೆ: ಮೊದಲಿನದೂ ವಿ4, ಅಂದರೆ ಅದೇ ಆವೃತ್ತಿ ಆಗಿರುವುದರಿಂದ ಬಯಾಸ್ (ಯಂತ್ರ ಎದ್ದೇಳುವಾಗ ಮೊದಲು ಓಡುವ ತಂತ್ರಾಂಶ) ಬದಲಿಸುವ ಗೋಜು ನಿನಗಿಲ್ಲ. ವಿ3 ಇರುವ ಬೋರ್ಡಿಗೆ ವಿ4 ಹಾಕಹೊರಟವರು ಆ ಕೆಲಸವನ್ನು ಮೊದಲು ಮಾಡಿಕೊಳ್ಳಬೇಕು.

ಇನ್ನು ಕೈ ಕೆಲಸ. ಹಿಂಬದಿಯಲ್ಲಿ ಪವರ್ ಸಪ್ಲೈ ಎರಡಿರುತ್ತವೆ, ಎರಡರ ವೈರನ್ನೂ ಕೀಳು. ಒಂದನ್ನು ಕಿತ್ತು ಇನ್ನೊಂದನ್ನು ಮರೆಯುವುದು ಸರ್ವರ್‌ಗೆ ಹೊಸಬರ ಹುಟ್ಟುಗುಣ. ಕಿತ್ತ ಮೇಲೆ ಪವರ್ ಗುಂಡಿಯನ್ನು ಒಂದೆರಡು ಸಲ ಒತ್ತು, ಒಳಗೆ ಉಳಿದ ವಿದ್ಯುತ್ ಇಳಿಯಲಿ. ನಮ್ಮೂರಿನ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಎಲ್ಲರ ಮೈಮೇಲೂ ಸ್ವೆಟರ್ ಇರುತ್ತದೆ. ಅದನ್ನು ಬಿಚ್ಚಿಟ್ಟು, ಹತ್ತಿ ಅಂಗಿಯಲ್ಲಿ ಬಾ. ಉಣ್ಣೆ ಉಜ್ಜಿದರೆ ಮೈಮೇಲೆ ಸ್ಥಾಯೀ ವಿದ್ಯುತ್ ಕೂಡುತ್ತದೆ. ಅದು ಚುರುಕ್ಕೆಂದು ನಮ್ಮ ಬೆರಳಿಗೆ ತಿಳಿಯಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಕೆಡಲು 100 ವೋಲ್ಟ್ ಕೂಡ ಬೇಡ. ನಿನಗೆ ಏನೂ ಅನ್ನಿಸದೆ ಇರುವಾಗಲೇ ಅದು ಸತ್ತಿರಬಹುದು. ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡು ಅದರ ಕ್ಲಿಪ್ಪನ್ನು ಪೆಟ್ಟಿಗೆಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸು. ಬೇಕಾದದ್ದು ಇಷ್ಟೇ, ನೀನೂ ಯಂತ್ರವೂ ಒಂದೇ ಮಟ್ಟದಲ್ಲಿರಬೇಕು.

ಖಾಲಿ ಸಾಕೆಟ್ ಮೇಲೆ ಪ್ಲಾಸ್ಟಿಕ್ ಕವಚವಿರುತ್ತದೆ. ಇಡೀ ಕೆಲಸದಲ್ಲಿ ನಾನು ಉಸಿರು ಬಿಗಿ ಹಿಡಿಯುವುದು ಇದೊಂದೇ ಜಾಗದಲ್ಲಿ. ಅದರ ಕೆಳಗೆ 2,011 ಪಿನ್‌ಗಳಿವೆ, ಪ್ರತಿಯೊಂದೂ ಕೂದಲಿನಷ್ಟು ಸಪೂರ, ಎಲ್ಲವೂ ಒಂದೇ ಕಡೆಗೆ ಬಾಗಿದ ಸ್ಪ್ರಿಂಗ್. ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ಸರ್ವರ್‌ನ ಮುಂದೆ ಕುಳಿತಿದ್ದೆ. ಕವಚವನ್ನು ಒಂದೇ ಕೈಯಲ್ಲಿ ಎತ್ತಿದೆ, ಇನ್ನೊಂದು ಕೈ ರಿಂಗಾಗುತ್ತಿದ್ದ ಫೋನಿನ ಕಡೆಗೆ ಹೋಗಿತ್ತು. ಕವಚದ ಮೂಲೆ ಪಿನ್‌ಗಳ ಮೇಲೆ ಸುಮ್ಮನೆ ಸವರಿತು. ಸದ್ದಿಲ್ಲ, ಏನಿಲ್ಲ. ಪ್ರೊಸೆಸರ್ ಇಟ್ಟು ಎಲ್ಲ ಮುಗಿಸಿ ಚಾಲೂ ಮಾಡಿದರೆ ಯಂತ್ರವೂ ಎದ್ದಿತು. ಮೆಮೊರಿ ಮಾತ್ರ ಕಾಲು ಭಾಗ ಕಡಿಮೆ ತೋರಿಸುತ್ತಿತ್ತು. ಒಂದು ಚಾನೆಲ್ ಪೂರ್ತಿ ಮಾಯ. ಮತ್ತೆ ಬಿಚ್ಚಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಕಂಡಿತು, ನಾಟಿ ಮಾಡಿದ ಗದ್ದೆಯ ಸಾಲಿನಲ್ಲಿ ಎಮ್ಮೆ ಕಾಲಿಟ್ಟ ಹಾಗೆ ಮೂರು ಪಿನ್‌ಗಳು ಒರಗಿದ್ದವು. ಅಮ್ಮನ ಹೊಲಿಗೆ ಸೂಜಿ, ಭೂತಗನ್ನಡಿ ಹಿಡಿದು ಎರಡು ಗಂಟೆ ಕುಳಿತೆ. ಎರಡು ನೆಟ್ಟಗಾದವು, ಮೂರನೆಯದು ಸೂಜಿಯ ತುದಿಗೇ ಅಂಟಿ ಬಂದಿತು. ಬೋರ್ಡಿನ ಹಣ ನನ್ನ ಕೈಯಿಂದ ಹೋಯಿತು, ಆ ಫೋನ್ ಮಾಡಿದ್ದು ಸಾಲ ಬೇಕೇ ಎಂದು ಕೇಳುವವರು.

ಆದ್ದರಿಂದ ಕವಚವನ್ನು ಎರಡೂ ಕೈಯಲ್ಲಿ ನೇರವಾಗಿ ಮೇಲಕ್ಕೆತ್ತು. ಎತ್ತಿದ ಕೂಡಲೇ ಟಾರ್ಚನ್ನು ಓರೆ ಹಿಡಿದು ನಾಲ್ಕು ದಿಕ್ಕಿನಿಂದಲೂ ನೋಡು. ಬಾಚಿದ ತಲೆಯಂತೆ ಒಂದೇ ಹೊಳಪು ಕಂಡರೆ ಸರಿ, ಎಲ್ಲೋ ಒಂದು ಚುಕ್ಕೆ ಬೇರೆ ಹೊಳೆದರೆ ಅಲ್ಲೇ ನಿಲ್ಲಿಸು. ಕವಚವನ್ನು ಕಸಕ್ಕೆ ಹಾಕಬೇಡ. ಮುಂದೆ ಬೋರ್ಡನ್ನು ವಾರಂಟಿಗೆ ಕಳುಹಿಸುವಾಗ ಅದಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ಸಾಕೆಟ್‌ನ ಎರಡು ಪಕ್ಕದಲ್ಲಿ ಎರಡು ಸನ್ನೆಗಳಿವೆ, ಎತ್ತಿ ಇಳಿಸುವ ಲೋಹದ ಕಡ್ಡಿಗಳು. ಯಾವುದನ್ನು ಮೊದಲು ತೆಗೆಯಬೇಕು ಎಂದು ಬೀಗದ ಚಿತ್ರವೇ ಹೇಳುತ್ತದೆ, ಮುಚ್ಚುವಾಗ ಅದರ ತಿರುಗುಮುರುಗು. ಪ್ರೊಸೆಸರ್ ಅಂಚುಗಳನ್ನು ಮಾತ್ರ ಹಿಡಿದು, ಅದರ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ಮೂಲೆಯ ಗುರುತಿಗೆ ಸೇರಿಸಿ ನೇರವಾಗಿ ಇಳಿಸಿ ಬಿಡು. ಬಿಡು ಎಂದೇ ಹೇಳಿದ್ದು. ಅದು ತನ್ನ ಭಾರಕ್ಕೇ ಕೂರಬೇಕು. ಕೂರಲಿಲ್ಲವೇ, ಎತ್ತಿ ಮತ್ತೆ ಇಳಿಸು. ಹೆಬ್ಬೆರಳಿನಿಂದ ಒತ್ತಿ ಕೂರಿಸುವ ಕೆಲಸ ಇದರಲ್ಲಿ ಎಲ್ಲೂ ಇಲ್ಲ. ಆಮೇಲೆ ಸನ್ನೆ ಮುಚ್ಚುವಾಗ ಮಾತ್ರ ಜೋರು ಬೇಕಾಗುತ್ತದೆ, ಕರಕರ ಎಂದು ಸದ್ದೂ ಬರುತ್ತದೆ. ಎದೆ ಝಲ್ಲೆನ್ನುವ ಆ ಸದ್ದು ಸರಿಯಾದದ್ದೇ, ಎರಡು ಸಾವಿರ ಸ್ಪ್ರಿಂಗುಗಳು ಒಟ್ಟಿಗೆ ತಗ್ಗುತ್ತಿರುತ್ತವೆ.

ಈಗ ಪ್ರೊಸೆಸರ್‌ಗೂ ಹೀಟ್ ಸಿಂಕ್‌ಗೂ ನಡುವೆ ಹಾಕುವ ಪೇಸ್ಟ್. ಅಮ್ಮ ಊಟದ ನಂತರ ವೀಳ್ಯದೆಲೆಯ ಬೆನ್ನಿಗೆ ಬೆರಳ ತುದಿಯಿಂದ ಸುಣ್ಣ ಸವರುವುದನ್ನು ನೋಡಿಯೇ ನಾನು ಇದರ ಹದ ಕಲಿತದ್ದು. ಕಡಿಮೆಯಾದರೆ ಬಾಯಿ ಕೆಂಪಾಗುವುದಿಲ್ಲ, ಹೆಚ್ಚಾದರೆ ನಾಲಗೆ ಸುಡುತ್ತದೆ. ಪ್ರೊಸೆಸರ್‌ನ ನೆತ್ತಿಯೂ ಹೀಟ್ ಸಿಂಕ್‌ನ ತಳವೂ ಕಣ್ಣಿಗೆ ನುಣುಪು, ನಿಜದಲ್ಲಿ ಎರಡರಲ್ಲೂ ಸಣ್ಣ ಸಣ್ಣ ತಗ್ಗುಗಳಿವೆ, ಅವುಗಳಲ್ಲಿ ಗಾಳಿ ನಿಲ್ಲುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ 400 ಅಂಕ ಕೊಟ್ಟರೆ ಗಾಳಿಗೆ ಸಿಗುವುದು 0.026. ಪೇಸ್ಟ್‌ಗೆ ಅದೇ ಅಳತೆಯಲ್ಲಿ ಐದರ ಆಸುಪಾಸು. ಅಂದರೆ ಗಾಳಿಯ ಮುಂದೆ ಅದು ರಾಜ, ತಾಮ್ರದ ಮುಂದೆ ಬಡಪಾಯಿ. ತಗ್ಗು ತುಂಬುವಷ್ಟು ಹಾಕಿದರೆ ಲಾಭ. ಅದಕ್ಕಿಂತ ದಪ್ಪ ಬಳಿದರೆ ತಾಮ್ರಕ್ಕೂ ತಾಮ್ರಕ್ಕೂ ನಡುವೆ ನೀನೇ ಗೋಡೆ ಕಟ್ಟಿದಂತೆ. ನಿನ್ನ ಪ್ರೊಸೆಸರ್‌ಗೆ ನಡುವೆ ಬಟಾಣಿ ಕಾಳಿಗಿಂತ ಸ್ವಲ್ಪ ಚಿಕ್ಕ ಉಂಡೆ ಸಾಕು, ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ಹೊಸ ಹೀಟ್ ಸಿಂಕ್‌ನ ತಳದಲ್ಲಿ ಬೂದು ಬಣ್ಣದ ಪಟ್ಟಿ ಮೊದಲೇ ಬಳಿದು ಬಂದಿದ್ದರೆ ಮೇಲೆ ಇನ್ನಷ್ಟು ಹಾಕಬೇಡ, ಬೆರಳಿನಿಂದ ಮುಟ್ಟಿಯೂ ನೋಡಬೇಡ.

ಸ್ಕ್ರೂ ನಾಲ್ಕು. ಲಾರಿಯ ಟೈರ್ ಬದಲಿಸುವ ಹುಡುಗ ನಟ್ಟುಗಳನ್ನು ಎದುರುಬದುರು ಬಿಗಿಯುವುದನ್ನು ಬಿ.ಎಂ. ರಸ್ತೆಯಲ್ಲಿ ನಿಂತು ನೋಡಿರುತ್ತೀಯೆ. ಹಾಗೆಯೇ. ಒಂದಕ್ಕೆ ಎರಡು ಸುತ್ತು, ಕರ್ಣಕ್ಕೆ ಇರುವುದಕ್ಕೆ ಎರಡು ಸುತ್ತು, ಉಳಿದ ಜೋಡಿಗೂ ಎರಡೆರಡು, ಮತ್ತೆ ಮೊದಲಿನಿಂದ. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಹೀಟ್ ಸಿಂಕ್ ಓರೆಯಾಗಿ ಪೇಸ್ಟ್ ಒಂದೇ ಪಕ್ಕಕ್ಕೆ ಜಾರುತ್ತದೆ. ಇನ್ನು ತಿರುಗುವುದಿಲ್ಲ ಎಂದು ಸ್ಕ್ರೂ ತಾನಾಗಿಯೇ ನಿಲ್ಲುತ್ತದೆ, ಅಲ್ಲಿಗೆ ನೀನೂ ನಿಲ್ಲು.

ಗಾಳಿಯ ಕೊಳವೆಯಂತಿರುವ ಪ್ಲಾಸ್ಟಿಕ್ ಹೊದಿಕೆಯನ್ನು ಮರಳಿ ಇಟ್ಟು, ಮುಚ್ಚಳ ಹಾಕಿ, ಆಮೇಲೆ ವೈರು ಚುಚ್ಚು. ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಯಂತ್ರ ಹೊಸ ಮೆಮೊರಿ ಹಂಚಿಕೆಯನ್ನು ಅಳೆದು ನೋಡುತ್ತಿರುತ್ತದೆ. ಆ ಹೊತ್ತಿನಲ್ಲಿ ಗಾಬರಿಯಾಗಿ ಪವರ್ ಕೀಳಬೇಡ, ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಾ.

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಮೇಡಂ. ನಮ್ಮ ಸರ್ವರ್‌ನಲ್ಲಿ ಎರಡು ಪ್ರೊಸೆಸರ್‌ಗಳಿವೆ. ಹೊಟ್ಟಿನ ಧೂಳು ತುಂಬಿತ್ತೆಂದು ಹೀಟ್ ಸಿಂಕ್ ಎರಡನ್ನೂ ಬಿಚ್ಚಿ, ಚೆನ್ನಾಗಿ ಊದಿ, ಮತ್ತೆ ಹಾಕಿದೆವು. ಅಂದಿನಿಂದ ಫ್ಯಾನ್‌ಗಳು ಹಿಟ್ಟಿನ ಗಿರಣಿಯಂತೆ ಕೂಗುತ್ತಿವೆ, ಮಧ್ಯಾಹ್ನವಾದರೆ ಯಂತ್ರ ತಾನಾಗಿ ಆರಿಹೋಗುತ್ತದೆ. ನಮ್ಮ ಊರು ಎತ್ತರದಲ್ಲಿರುವುದರಿಂದ ಗಾಳಿ ತೆಳುವಾಗಿ ಹೀಗಾಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?

— ಓದುಗರು, ಚಿಕ್ಕಮಗಳೂರು

ಉತ್ತರ: ಹಾಗೆ ಹೇಳಿದವರು ಓದಿಕೊಂಡವರೇ. ಸರ್ವರ್‌ಗಳ ಕೈಪಿಡಿಯಲ್ಲಿ ಅಂಥ ಸಾಲು ನಿಜವಾಗಿ ಇರುತ್ತದೆ: ಸುಮಾರು 900 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರ್‌ಗೆ ಒಂದು ಡಿಗ್ರಿಯಂತೆ ಕೋಣೆಯ ಗರಿಷ್ಠ ಉಷ್ಣತೆಯನ್ನು ಇಳಿಸಿಕೊಳ್ಳಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ಒಂದು ಡಿಗ್ರಿಯೂ ಆಗುವುದಿಲ್ಲ. ಮುಳ್ಳಯ್ಯನಗಿರಿಯ ತುದಿಯಲ್ಲಿ ಸರ್ವರ್ ಇಟ್ಟರೆ ಆಗ ಆ ಮಾತು ಎತ್ತೋಣ. ಊದುವ ಮೊದಲು ಸರಿಯಾಗಿದ್ದ ಯಂತ್ರ ಊದಿದ ಮೇಲೆ ಕೆಟ್ಟಿತೆಂದರೆ ಬೆಟ್ಟ ರಾತ್ರೋರಾತ್ರಿ ಬೆಳೆಯಲಿಲ್ಲವಲ್ಲ.

ನಾನು ಕೇಳಿದ ಮೇಲೆ ನೀವು ಕಳುಹಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಹೀಟ್ ಸಿಂಕ್‌ನ ರೆಕ್ಕೆಗಳು ಫ್ಯಾನಿನಿಂದ ಹಿಂಬದಿಗೆ, ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ತಟ್ಟೆಗಳಂತೆ ನೇರವಾಗಿವೆ. ಬಲಗಡೆಯದರಲ್ಲಿ ಅವೇ ರೆಕ್ಕೆಗಳು ಅಡ್ಡಡ್ಡ. ನಿಮ್ಮದು ಚೌಕ ರಂಧ್ರಗಳ ಬೋರ್ಡು. ಚೌಕದ ಸ್ಕ್ರೂಗಳಿಗೆ ಹೀಟ್ ಸಿಂಕನ್ನು ನಾಲ್ಕು ರೀತಿಯಲ್ಲೂ ಕೂರಿಸಬಹುದು, ಅದರಲ್ಲಿ ಎರಡು ತಪ್ಪು. ಉದ್ದ ರಂಧ್ರಗಳ ಬೋರ್ಡಿನಲ್ಲಿ ಈ ಆಟ ನಡೆಯುತ್ತಲೇ ಇರಲಿಲ್ಲ.

ನಿಮ್ಮ ಕಣದ ಉದಾಹರಣೆಯನ್ನೇ ತೆಗೆದುಕೊಳ್ಳಿ. ತೂರುವವನು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಯೇ ಮೊರ ಎತ್ತುತ್ತಾನೆ. ಮಾಮೂಲಿ ಕಂಪ್ಯೂಟರ್‌ನಲ್ಲಿ ಹೀಟ್ ಸಿಂಕ್‌ನ ತಲೆಯ ಮೇಲೆಯೇ ಒಂದು ಫ್ಯಾನ್ ಇರುತ್ತದೆ, ದಿಕ್ಕು ಹೆಚ್ಚು ಕಡಿಮೆಯಾದರೂ ನಡೆದುಹೋಗುತ್ತದೆ. ಸರ್ವರ್‌ನ ಹೀಟ್ ಸಿಂಕ್‌ಗೆ ಸ್ವಂತ ಫ್ಯಾನ್ ಇಲ್ಲ. ಮುಂದಿನಿಂದ ಬಂದ ಗಾಳಿ ಅದರ ರೆಕ್ಕೆಗಳ ಸಂದಿಯಲ್ಲಿ ಹಾದು ಹಿಂದೆ ಹೊರಟರೆ ಮಾತ್ರ ಅದು ಕೆಲಸ ಮಾಡೀತು. ರೆಕ್ಕೆಗಳು ಅಡ್ಡ ನಿಂತರೆ ಅದು ಹೀಟ್ ಸಿಂಕ್ ಅಲ್ಲ, ಗಾಳಿಗೆ ಕಟ್ಟಿದ ಒಡ್ಡು. ಬಿಸಿ ಏರುತ್ತದೆ, ಯಂತ್ರ ಎಲ್ಲ ಫ್ಯಾನ್‌ಗಳನ್ನೂ ಪೂರ್ತಿ ಓಡಿಸುತ್ತದೆ, ಅದೂ ಸಾಲದೆ ಹೋದರೆ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ಕೊನೆಗೆ ಸುಟ್ಟುಹೋಗುವುದಕ್ಕಿಂತ ಆರಿಹೋಗುವುದೇ ಮೇಲು ಎಂದು ಆರಿಹೋಗುತ್ತದೆ. ಮಧ್ಯಾಹ್ನವೇ ಏಕೆಂದರೆ ಕೋಣೆಯ ಬಿಸಿಯೂ ಲೆಕ್ಕದ ಕೆಲಸವೂ ಆಗಲೇ ಹೆಚ್ಚು. ಅದಕ್ಕೂ ಮೊದಲು ಕೆಲವು ದಿನ ಯಂತ್ರ ನಿಧಾನ ಎಂದು ನೀವು ಬೈದಿರಲೂ ಬಹುದು.

ಇನ್ನೊಂದು ತಪ್ಪು ಫೋಟೋದಲ್ಲಿ ಕಾಣುವುದಿಲ್ಲ, ಆದರೂ ಆಗಿದೆ ಎಂದು ಪಣ ಕಟ್ಟುತ್ತೇನೆ. ಬಿಚ್ಚಿ, ಊದಿ, ಮತ್ತೆ ಹಾಕಿದೆವು ಎಂದಿದ್ದೀರಿ. ನಡುವೆ ಹಳೆಯ ಪೇಸ್ಟ್ ಒರೆಸಿ ಹೊಸದು ಹಾಕಿದ ಮಾತಿಲ್ಲ. ಒಮ್ಮೆ ಬೇರ್ಪಟ್ಟ ಪೇಸ್ಟ್ ಒಣಗಿದ ರೊಟ್ಟಿಯ ಚೂರಿನಂತೆ, ಮತ್ತೆ ಕೂಡಿಸಿದರೆ ನಡುವೆ ಗಾಳಿಯೇ ಉಳಿಯುತ್ತದೆ. ಎರಡನ್ನೂ ಬಿಚ್ಚಿ. ಯಂತ್ರ ಸ್ವಲ್ಪ ಹೊತ್ತು ಓಡಿ ಬೆಚ್ಚಗಿರುವಾಗಲೇ ಆರಿಸಿ, ವೈರುಗಳನ್ನು ಕಿತ್ತು ಬಿಚ್ಚಿದರೆ ಪೇಸ್ಟ್ ಮೆತ್ತಗಿದ್ದು ಸುಲಭವಾಗಿ ಬಿಡುತ್ತದೆ. ಜಗ್ಗಬೇಡಿ, ಎಡಕ್ಕೂ ಬಲಕ್ಕೂ ತುಸು ತಿರುಚಿ ಎತ್ತಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಕನ್ನಡಿಯಾಗುವವರೆಗೆ ಒರೆಸಿ. ಪೆಟ್ರೋಲ್ ಬೇಡ, ಸೆಂಟ್ ಬೇಡ, ಸೀಮೆಎಣ್ಣೆ ಖಂಡಿತ ಬೇಡ. ಮೂರನ್ನೂ ಬಳಸಿದವರ ಯಂತ್ರಗಳು ನನ್ನ ಮೇಜಿಗೆ ಬಂದಿವೆ. ಮುಂದಿನ ಸಲ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಊದುವ ಯಂತ್ರದ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು.

ಎಲ್ಲ ಮುಗಿದ ಮೇಲೆ ಸರ್ವರ್‌ನ ನಿರ್ವಹಣಾ ಪುಟದಲ್ಲಿ ಎರಡೂ ಪ್ರೊಸೆಸರ್‌ಗಳ ಉಷ್ಣತೆಯನ್ನು ಅಕ್ಕಪಕ್ಕದಲ್ಲಿ ನೋಡಿ. ಒಂದೇ ಮಾದರಿ, ಒಂದೇ ಹೊರೆ ಎಂದ ಮೇಲೆ ನಾಲ್ಕೈದು ಡಿಗ್ರಿ ಅತ್ತಿತ್ತ ಇರಲಿ. ಒಂದು 60, ಇನ್ನೊಂದು 80 ಎಂದು ತೋರಿಸಿದರೆ 80ರ ಹೀಟ್ ಸಿಂಕ್ ಸರಿಯಾಗಿ ಕುಳಿತಿಲ್ಲ. ಹೊರೆಯಲ್ಲಿ 70ರ ಒಳಗಿದ್ದರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ, 90 ದಾಟಿದರೆ ಮಲಗಿದವಳು ಎದ್ದು ಕೂರುತ್ತೇನೆ.

ಪ್ರಶ್ನೆ: ಜುಲೈ ಮಳೆಯಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ಅಂಥ ದಿನಗಳಲ್ಲಿ ಸರ್ವರ್ ತೆರೆದು ಪ್ರೊಸೆಸರ್ ಬದಲಿಸಬಹುದೇ, ಇಲ್ಲ ದಸರಾವರೆಗೆ ಕಾಯಲೇ?

— ಓದುಗರು, ಸಕಲೇಶಪುರ

ಉತ್ತರ: ಕಾಯಬೇಕಾಗಿಲ್ಲ. ತೇವದ ದಿನಗಳಲ್ಲಿ ಸ್ಥಾಯೀ ವಿದ್ಯುತ್ ಕಾಟ ಕಡಿಮೆಯೇ. ಭಯಪಡಬೇಕಾದದ್ದು ಹನಿಗಟ್ಟುವುದಕ್ಕೆ. ಎಸಿ ಕೋಣೆಯಲ್ಲಿ ತಣ್ಣಗಿದ್ದ ಯಂತ್ರವನ್ನು ವರಾಂಡಕ್ಕೆ ತಂದು ತೆರೆದರೆ, ಫ್ರಿಜ್‌ನಿಂದ ತೆಗೆದ ಮಜ್ಜಿಗೆ ಲೋಟದಂತೆ ಒಳಗೆಲ್ಲ ಬೆವರುತ್ತದೆ. ಇದ್ದಲ್ಲೇ ಬಿಚ್ಚಿ. ಕೊರಿಯರ್‌ನಲ್ಲಿ ಬಂದ ಪ್ರೊಸೆಸರ್ ಪೊಟ್ಟಣವನ್ನು ಒಂದು ರಾತ್ರಿ ಅದೇ ಕೋಣೆಯಲ್ಲಿ ಮುಚ್ಚಿದಂತೆಯೇ ಇಟ್ಟು ಬೆಳಿಗ್ಗೆ ತೆರೆಯಿರಿ. ಕೋಣೆ 18ರಿಂದ 27 ಡಿಗ್ರಿಯೊಳಗಿದ್ದರೆ ಯಂತ್ರಕ್ಕೆ ಹಿತ. ಗೋಡೆ ಬೆವರುವ ಕೋಣೆಯಲ್ಲಿ ಸರ್ವರ್ ಇಟ್ಟಿರುವುದೇ ನಿಜವಾದರೆ ನಿಮಗೆ ಬೇಕಾದದ್ದು ಪ್ರೊಸೆಸರ್ ಅಲ್ಲ, ಬೇರೆ ಕೋಣೆ.

ಪ್ರಶ್ನೆ: ನಾನು ಚನ್ನರಾಯಪಟ್ಟಣದವನು, ಬೆಂಗಳೂರಿನ ಡೇಟಾ ಸೆಂಟರ್ ಒಂದರಲ್ಲಿ ರಾತ್ರಿ ಪಾಳಿ. ಮೊನ್ನೆ ಹೊಸ ಬಗೆಯ ಸರ್ವರ್‌ನಲ್ಲಿ ಹೀಟ್ ಸಿಂಕ್ ಎತ್ತಿದಾಗ ಪ್ರೊಸೆಸರ್ ಕೂಡ ಅಂಟಿಕೊಂಡು ಮೇಲೆ ಬಂದಿತು. ಸಾಕೆಟ್ ಮುರಿಯಿತೆಂದು ಅಲ್ಲೇ ಬೆವತುಹೋದೆ. ಮೇಲಿನವರಿಗೆ ಇನ್ನೂ ಹೇಳಿಲ್ಲ. ಹಾಳಾಯಿತೇ?

— ಓದುಗ, ಬೆಂಗಳೂರು

ಉತ್ತರ: ಏನೂ ಆಗಿಲ್ಲ, ಅದು ಹಾಗೆಯೇ ಬರಬೇಕು. ನಿಮ್ಮ ವಿವರಣೆ ನೋಡಿದರೆ ಇಂಟೆಲ್‌ನ 3647 ಸಾಕೆಟ್‌ನ ಯಂತ್ರ. ಹಿಂದಿನ ಸಾಕೆಟ್‌ಗಳಲ್ಲಿ ಪ್ರೊಸೆಸರನ್ನು ಒತ್ತಿ ಹಿಡಿಯಲು ಲೋಹದ ಚೌಕಟ್ಟು, ಸನ್ನೆ ಇದ್ದವು. ಇದರಲ್ಲಿ ಇಲ್ಲ. 3,647 ಪಿನ್‌ಗಳ ಮೇಲೆ ಬೀಳಬೇಕಾದ ಒತ್ತಡವನ್ನೆಲ್ಲ ಹೀಟ್ ಸಿಂಕೇ ಕೊಡುತ್ತದೆ. ಪ್ರೊಸೆಸರ್ ಒಂದು ಪ್ಲಾಸ್ಟಿಕ್ ಹಿಡಿಕೆಗೆ, ಹಿಡಿಕೆ ಹೀಟ್ ಸಿಂಕ್‌ಗೆ ಸಿಕ್ಕಿಕೊಂಡು ಮೂರೂ ಒಂದೇ ವಸ್ತುವಾಗಿ ಸಾಕೆಟ್‌ಗೆ ಇಳಿಯುತ್ತವೆ. ಇಳಿಸುವಾಗ ಸಾಕೆಟ್‌ನ ಎರಡು ಗೂಟಗಳನ್ನು ಗಮನಿಸಿ, ಒಂದರ ಗಾತ್ರ ಇನ್ನೊಂದರದ್ದಲ್ಲ. ತಿರುಗಾಮುರುಗಾ ಕೂರದಿರಲೆಂದೇ ಆ ಉಪಾಯ.

ಇಲ್ಲಿ ಕೈಯ ಅಂದಾಜು ನಡೆಯುವುದಿಲ್ಲ. ನಕ್ಷತ್ರದ ಆಕಾರದ ತುದಿಯ ಟಿ30 ಟಾರ್ಕ್ಸ್ ಬಿಟ್, ಬಿಗಿತ ಅಳೆಯುವ ಸ್ಕ್ರೂ ಡ್ರೈವರ್, ಬಿಗಿತ 12 ಇಂಚು-ಪೌಂಡ್. ಬಿಗಿಯುವ ಕ್ರಮ ಹೀಟ್ ಸಿಂಕ್ ಮೇಲಿನ ಚೀಟಿಯಲ್ಲೇ ಒಂದು, ಎರಡು, ಮೂರು, ನಾಲ್ಕು ಎಂದಿರುತ್ತದೆ. ಬಿಚ್ಚುವಾಗ ನಾಲ್ಕರಿಂದ ಒಂದಕ್ಕೆ. ಈ ಅಂಕಿಯನ್ನು ಮುಂದಿನ ಪೀಳಿಗೆಯ ಯಂತ್ರಕ್ಕೆ ಎತ್ತಿಕೊಂಡು ಹೋಗಬೇಡಿ. ಅದರ ನಂತರದ 4189 ಸಾಕೆಟ್‌ಗೆ 8 ಇಂಚು-ಪೌಂಡ್ ಮಾತ್ರ, ಜೊತೆಗೆ ಓರೆಯಾಗದಂತೆ ತಡೆಯುವ ತಂತಿಗಳೂ ಇವೆ. ಎಎಂಡಿ ಕಂಪನಿಯ ಎಪಿಕ್ ಪ್ರೊಸೆಸರ್ ಸಿಕ್ಕಿದರೆ ಇಡೀ ಪದ್ಧತಿಯೇ ಬೇರೆ. 2017ರ ಎಸ್‌ಪಿ3 ಸಾಕೆಟ್‌ನಲ್ಲಿ ಚೌಕಟ್ಟಿನ ಟಿ20 ಸ್ಕ್ರೂ ಮೂರು, ಬಿಚ್ಚುವುದು ಮೂರು-ಎರಡು-ಒಂದು, ಬಿಗಿಯುವುದು ಒಂದು-ಎರಡು-ಮೂರು. ಪ್ರೊಸೆಸರ್ ಮೇಜಿನ ಡ್ರಾಯರ್‌ನಂತೆ ಹಳಿಯಲ್ಲಿ ಜಾರಿ ಒಳಗೆ ಹೋಗುತ್ತದೆ, ಹೀಟ್ ಸಿಂಕ್ ಆಮೇಲೆ ಪ್ರತ್ಯೇಕವಾಗಿ. ಅದರಲ್ಲಿ ಒತ್ತಡ ಸಮನಾಗದಿದ್ದರೆ ಮೊದಲು ಕಾಣೆಯಾಗುವುದು ಮೆಮೊರಿ ಚಾನೆಲ್. ಪ್ರೊಸೆಸರ್ ಕೆಟ್ಟಿದೆ ಎಂದು ವಾಪಸು ಕಳುಹಿಸುವ ಮೊದಲು ಒಮ್ಮೆ ಬಿಚ್ಚಿ ಕ್ರಮವಾಗಿ ಬಿಗಿದು ನೋಡಿ.

ನಿಮ್ಮ ಕೈಯಲ್ಲಿರುವ ಜೋಡಿಯನ್ನು ಬೇರ್ಪಡಿಸಬೇಕಾದರೆ ಪ್ಲಾಸ್ಟಿಕ್ ಹಿಡಿಕೆಯ ಮೂಲೆಯಲ್ಲಿ ಒಂದು ಸೀಳಿದೆ. ಚಪ್ಪಟೆ ಸ್ಕ್ರೂ ಡ್ರೈವರ್ ತೂರಿಸಿ ತಿರುಗಿಸಿದರೆ ಪೇಸ್ಟ್‌ನ ಹಿಡಿತ ಬಿಡುತ್ತದೆ. ಪ್ರೊಸೆಸರ್‌ನ ಹಸಿರು ಅಂಚಿಗೆ ಲೋಹ ತಾಗಿಸಿ ಮೀಟಲೇಬೇಡಿ. ಮೇಲಿನವರಿಗೆ ಹೇಳದೆ ಇದ್ದದ್ದು ಒಳ್ಳೆಯದೇ ಆಯಿತು, ಹೇಳುವುದಕ್ಕೆ ಏನೂ ಇರಲಿಲ್ಲ.

ಪ್ರಶ್ನೆ: ನನ್ನ ಮಗಳು ಡಿಪ್ಲೊಮಾ ಮುಗಿಸಿದ್ದಾಳೆ. ಸರ್ವರ್ ದುರಸ್ತಿಯ ಕೆಲಸ ಸಿಗುವ ಹಾಗಿದೆ. ಭಾರ ಎತ್ತುವ ಕೆಲಸ, ಹುಡುಗಿಯರಿಗೆ ಆಗದು ಎಂದು ಅವಳ ಮಾವ ಹೇಳುತ್ತಾರೆ. ನೀವೂ ಹೆಣ್ಣುಮಗಳು ಎಂದು ಕೇಳುತ್ತಿದ್ದೇನೆ.

— ತಾಯಿಯೊಬ್ಬರು, ಅರಸೀಕೆರೆ

ಉತ್ತರ: ಎರಡು ಪ್ರೊಸೆಸರ್‌ಗಳ ಮಾಮೂಲಿ ಸರ್ವರ್ 25ರಿಂದ 30 ಕಿಲೊ ತೂಗುತ್ತದೆ ಅಮ್ಮಾ, ತುಂಬಿದ ಗ್ಯಾಸ್ ಸಿಲಿಂಡರ್‌ನಷ್ಟು. ಸಿಲಿಂಡರನ್ನು ಅಡುಗೆಮನೆಗೆ ಉರುಳಿಸುವವರು ಯಾರು ಎಂದು ಅವಳ ಮಾವನವರನ್ನು ಕೇಳಿ ನೋಡಿ. ಹಾಗೆಂದು ಒಬ್ಬರೇ ಎತ್ತುವುದಲ್ಲ. ಇಬ್ಬರು ಎತ್ತಬೇಕು ಎಂದು ಯಂತ್ರದ ಮೇಲೆಯೇ ಚಿತ್ರ ಅಂಟಿಸಿರುತ್ತಾರೆ, ಅದು ಗಂಡಸರಿಗೂ ಸೇರಿಸಿಯೇ. ಒಬ್ಬನೇ ಎತ್ತಿ ತೋರಿಸುತ್ತೇನೆ ಎಂದು ಸೊಂಟ ಹಿಡಿದುಕೊಂಡವರೆಲ್ಲ ನನಗೆ ಗೊತ್ತಿರುವಂತೆ ಹುಡುಗರೇ. ಉಳಿದ ಕೆಲಸಕ್ಕೆ ಬೇಕಾದದ್ದು ನೆಟ್ಟಗಿನ ಕಣ್ಣು, ಅವಸರವಿಲ್ಲದ ಬೆರಳು.

ಕೂದಲು ಕಟ್ಟಿರಬೇಕು, ಬಳೆ, ಸರ, ಉಂಗುರ ಕೆಲಸದ ಹೊತ್ತಿನಲ್ಲಿ ಡಬ್ಬಿಯೊಳಗೆ. ಕೆಲಸಕ್ಕೆ ಸೇರುವ ಮೊದಲು ಒಂದು ವಾರ ನನ್ನ ಬಳಿ ಬಂದು ಹೋಗುವುದಾದರೆ ಬರಲಿ, ಅರಸೀಕೆರೆಯಿಂದ ಬೆಳಗಿನ ಬಸ್ ಹಿಡಿದರೆ ಹತ್ತು ಗಂಟೆಗೆ ಮೊದಲೇ ಇಲ್ಲಿರುತ್ತಾಳೆ. ಪಿನ್ ಮುರಿದ ಆ ಬೋರ್ಡನ್ನು ನಾನು ಎಸೆದಿಲ್ಲ, ಮೇಜಿನ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಹೊಸದಾಗಿ ಕಲಿಯಲು ಬಂದವರಿಂದ ಮೊದಲ ದಿನ ಅದರ ಕವಚವನ್ನು ಇಪ್ಪತ್ತು ಸಲ ತೆಗೆಸಿ ಹಾಕಿಸುತ್ತೇನೆ, ಎರಡೂ ಕೈಯಲ್ಲಿ. ಅಷ್ಟು ಹೊತ್ತು ಅವಳ ಫೋನ್ ನನ್ನ ಡ್ರಾಯರ್‌ನಲ್ಲಿರುತ್ತದೆ, ನೀವು ಕರೆ ಮಾಡಿದರೆ ಎತ್ತುವುದಿಲ್ಲ, ಗಾಬರಿಯಾಗಬೇಡಿ.